ಎಮ್ಯಾನುವೆಲ್ ಮುಟ್ಟಿ ನೋಡದ ಹೊಲಿಗೆ

ಎಮ್ಯಾನುವೆಲ್ ಅವರನ್ನು ನಾನು ಮೊದಲು ನೋಡಿದ ದಿನ ಅವರು ನಮ್ಮ ಕೋಚನ್ನು ಬೈಯುತ್ತಿದ್ದರು. ಲಂಡನ್ನಿನ ಹೇಸ್‌ನ ಐಸ್ ರಿಂಕಿನ ಕಾರ್ ಪಾರ್ಕು, ಶನಿವಾರ ಬೆಳಿಗ್ಗೆ. ಕೋಚ್ ವ್ಯಾನಿನಿಂದ ಸ್ಲೆಡ್ಜುಗಳನ್ನು ಇಳಿಸುತ್ತಿದ್ದ. ಒಂದು ಸ್ಲೆಡ್ಜಿನ ಬೋಲ್ಟು ಬಿದ್ದುಹೋದ ಜಾಗಕ್ಕೆ ಯಾರೋ ಟೇಪು ಸುತ್ತಿದ್ದರು. ಬಸ್ ಸ್ಟಾಪಿನ ಕಡೆ ಹೊರಟಿದ್ದ ಬಿಳಿ ಮೀಸೆಯ ಗಿಡ್ಡ ಮನುಷ್ಯರೊಬ್ಬರು ನಿಂತರು. ತರಕಾರಿಯ ಚೀಲವನ್ನು ನೆಲಕ್ಕಿಟ್ಟು, ಟೇಪನ್ನು ಉಗುರಿನಿಂದ ಕೆದಕಿ, ಇಂಗ್ಲಿಷಿನಲ್ಲಿ ಕೇಳಿದರು, “ಇದಕ್ಕೆ ಸಹಿ ಹಾಕಿದವನು ಯಾರು?”

ಯಾರೂ ಹಾಕಿರಲಿಲ್ಲ. ಸ್ಲೆಡ್ಜಿಗೆ ಸಹಿ ಹಾಕಬೇಕೆಂದು ನಮಗಾರಿಗೂ ಹೊಳೆದಿರಲಿಲ್ಲ. ಕೋಚ್ ನಕ್ಕ. ಅವರು ನಗಲಿಲ್ಲ. ಆ ಟೇಪಿನ ಸ್ಲೆಡ್ಜು ನನ್ನ ಮಗ ಋಷಿಕೇಶನದು. ನನಗೆ ಪಿತ್ತ ನೆತ್ತಿಗೇರಿತು. ದಾರಿಹೋಕರೊಬ್ಬರು ಬಂದು ನಮ್ಮ ಮಕ್ಕಳ ಗಾಡಿಗೆ ಕೊಂಕು ತೆಗೆಯುವುದೇ? ಪಕ್ಕದಲ್ಲಿದ್ದ ಗಂಡ ವೇಣುಗೋಪಾಲನ ಕಡೆ ತಿರುಗಿ, “ಯಾರ್ರೀ ಈ ಅಧಿಕಪ್ರಸಂಗಿ?” ಎಂದು ಕನ್ನಡದಲ್ಲೇ ಕೇಳಿದೆ. ಆ ಮನುಷ್ಯರು ತಲೆ ಎತ್ತಿ, “ಎಮ್ಯಾನುವೆಲ್ ಅಂತ. ಉಡುಪಿ ಹತ್ತಿರದ ಶಿರ್ವದವ. ಇಲ್ಲೇ ಹಿಂದಿನ ರಸ್ತೆಯಲ್ಲಿ ಮನೆ,” ಎಂದರು. ವೇಣುಗೋಪಾಲ ಸ್ಕ್ಯಾನುಗಳನ್ನು ಓದುವ ಡಾಕ್ಟರು, ಮಾತು ಕಡಿಮೆ. ಆ ದಿನ ಮಾತ್ರ ಮನೆಗೆ ಬರುವವರೆಗೂ ನಗುತ್ತಲೇ ಇದ್ದರು.

ಸ್ಲೆಡ್ಜ್ ಹಾಕಿ ನೋಡದವರಿಗಾಗಿ ಎರಡು ಮಾತು. ಕಾಲು ಕೆಲಸ ಮಾಡದವರು, ಕಾಲೇ ಇಲ್ಲದವರು ಆಡುವ ಐಸ್ ಹಾಕಿ ಇದು. ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ಬಕೆಟ್ಟಿನಂಥ ಒಂದು ಆಸನ, ಅಡಿಯಲ್ಲಿ ಎರಡು ಬ್ಲೇಡು. ಆಟಗಾರ ಅದರಲ್ಲಿ ಕೂತು ಸೊಂಟ, ಮೊಣಕಾಲು, ಪಾದಗಳನ್ನು ಪಟ್ಟಿಗಳಿಂದ ಬಿಗಿದುಕೊಳ್ಳುತ್ತಾನೆ. ಎರಡು ಕೈಗೆ ಎರಡು ಗಿಡ್ಡ ಕೋಲು. ಕೋಲಿನ ಒಂದು ತುದಿಯ ಮುಳ್ಳಿನಿಂದ ಐಸನ್ನು ಕುಕ್ಕಿ ಮುಂದೆ ನುಗ್ಗಬೇಕು, ಇನ್ನೊಂದು ತುದಿಯಿಂದ ರಬ್ಬರಿನ ಬಿಲ್ಲೆ ಹೊಡೆಯಬೇಕು. ಡಿಕ್ಕಿ ಹೊಡೆಯುವುದು ಆಟದ ನಿಯಮದೊಳಗೇ ಇದೆ. ಮೊದಲ ಸಲ ನೋಡಿದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ನನ್ನ ಮಗ ಹದಿನೇಳನೆಯ ವಯಸ್ಸಿನಲ್ಲಿ ಸೈಕಲಿನಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡವನು. ಹೊಕ್ಕುಳಿನಿಂದ ಕೆಳಗೆ ಚಲನೆ ಇಲ್ಲ, ಸ್ಪರ್ಶವೂ ಇಲ್ಲ. ಇನ್ನೂ ಏನು ಮುರಿದುಕೊಳ್ಳಲು ಹೊರಟಿದ್ದಾನೆ ಎಂದು ನನಗೆ ಸಿಟ್ಟು. ಅವನಿಗೋ, ಅಪಘಾತವಾದ ಮೇಲೆ ಯಾರೂ ಅವನನ್ನು ಮೆಲ್ಲಗೆ ಮುಟ್ಟದ ಜಾಗ ಅದೊಂದೇ ಆಗಿತ್ತು.

ಮರುವಾರ ಎಮ್ಯಾನುವೆಲ್ ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದರು. ವಿಮಾನ ನಿಲ್ದಾಣದ ಬಳಿಯ ಒಂದು ಹ್ಯಾಂಗರಿನಲ್ಲಿ ಇಪ್ಪತ್ತಾರು ವರ್ಷ ವಿಮಾನ ರಿಪೇರಿ ಮಾಡಿ ನಿವೃತ್ತರಾದವರು. ಅದಕ್ಕೂ ಮೊದಲು ಬಹ್ರೇನಿನಲ್ಲಿ ಎಂಟು ವರ್ಷ. ಮನೆಯಲ್ಲಿ ಕೂತು ಕೂತು ಹೆಂಡತಿ ಸುಜಾನ್ ಅವರ ಕುಕ್ಕರನ್ನು ಮೂರು ಸಲ ಬಿಚ್ಚಿ ಜೋಡಿಸಿದ್ದರಂತೆ. ನಾಲ್ಕನೆಯ ಸಲ ಕೈ ಹಾಕಿದಾಗ ಆಕೆ ಕೈ ಮುಗಿದು ಹೊರಗೆ ಕಳಿಸಿದರು. ಹೀಗೆ ಕುಕ್ಕರಿನ ದಯೆಯಿಂದ ನಮ್ಮ ತಂಡಕ್ಕೊಬ್ಬ ಮೆಕ್ಯಾನಿಕ್ ಸಿಕ್ಕಿದರು. ಕ್ಲಬ್ಬಿಗೆ ಬಂದವರನ್ನು ಎರಡು ವರ್ಷದಲ್ಲಿ, ನಮ್ಮ ಕೋಚ್ ಮತ್ತು ಋಷಿಯ ಜೊತೆಗೆ, ಬ್ರಿಟನ್ ತಂಡವೇ ಕರೆಯಿತು.

ರಿಂಕಿನ ಹಿಂಭಾಗದ ಸಣ್ಣ ಕೋಣೆಯಲ್ಲಿ ಅವರು ಪ್ಲೈವುಡ್ಡಿನ ಹಲಗೆಯೊಂದನ್ನು ಗೋಡೆಗೆ ಹೊಡೆದರು. ಹಳದಿ ಬಣ್ಣದ ಹಲಗೆ, ಅದರ ಮೇಲೆ ಪ್ರತಿ ಹತಾರದ ಆಕಾರವನ್ನೂ ಕಪ್ಪು ಗೆರೆಯಲ್ಲಿ ಬಿಡಿಸಿದ್ದರು. ಸ್ಪ್ಯಾನರಿಗೆ ಸ್ಪ್ಯಾನರಿನ ಗೆರೆ, ಕತ್ತರಿಗೆ ಕತ್ತರಿಯ ಗೆರೆ. ಕೆಲಸ ಮುಗಿದ ಮೇಲೆ ಎಲ್ಲ ಹತಾರಗಳೂ ತಮ್ಮ ತಮ್ಮ ಗೆರೆಯೊಳಗೆ ತೂಗಬೇಕು. ಒಂದು ಗೆರೆ ಖಾಲಿ ಇದ್ದರೂ ಒಂದೂ ಸ್ಲೆಡ್ಜು ಐಸಿಗೆ ಇಳಿಯುವಂತಿಲ್ಲ. ಹ್ಯಾಂಗರಿನಲ್ಲಿ ಹಾಗೆಯೇ ಇತ್ತಂತೆ, ಪರೀಕ್ಷಿಸಿದವನು ಸಹಿ ಹಾಕದೆ ವಿಮಾನ ಹಾರುತ್ತಿರಲಿಲ್ಲವಂತೆ; ಇಲ್ಲೂ ಪ್ರತಿ ಸ್ಲೆಡ್ಜಿಗೂ ಅವರ ಸಹಿ ಬೀಳಬೇಕು. ಒಮ್ಮೆ ಬೋಲ್ಟು ತಿರುಗಿಸುವ ಒಂದು ಪುಟ್ಟ ಕೀಲಿಗಾಗಿ ಇಡೀ ಅಭ್ಯಾಸವನ್ನು ನಲವತ್ತು ನಿಮಿಷ ನಿಲ್ಲಿಸಿದರು. ಅದು ಕೋಚ್‌ನ ಜೇಬಿನಲ್ಲಿತ್ತು. ನಾನು ರೇಗಿದೆ. ಆಗ ಅವರು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ.

“ನೋಡಿ ಡಾಕ್ಟ್ರೇ, ವಿಮಾನದ ಹೊಟ್ಟೆಯಲ್ಲಿ ನಾವು ಎಂತ ಬಿಟ್ಟಿದ್ದೇವೆ ಅಂತ ವಿಮಾನಕ್ಕೆ ಗೊತ್ತಾಗುದಿಲ್ಲ. ಈ ಮಕ್ಕಳ ಸೊಂಟಕ್ಕೂ ಗೊತ್ತಾಗುದಿಲ್ಲ. ಗೊತ್ತಿರಬೇಕಾದವರು ನಾವೇ ಅಲ್ವಾ?”

ಹೌನ್ಸ್ಲೋದಲ್ಲಿ ಇಪ್ಪತ್ತು ವರ್ಷದಿಂದ ಜಿಪಿ, ಅಂದರೆ ಕುಟುಂಬ ವೈದ್ಯೆ, ಆಗಿರುವ ನನಗೆ ಇದನ್ನು ಇನ್ನೊಬ್ಬರು ಹೇಳಿಕೊಡಬೇಕಾಗಿರಲಿಲ್ಲ. ಸ್ಪರ್ಶವಿಲ್ಲದ ಚರ್ಮದ ಕೆಳಗೆ ಒಂದು ಅಂಗಿಯ ಗುಂಡಿ ಸಿಕ್ಕಿಕೊಂಡರೂ ನೋವು ಅಂತ ಎಚ್ಚರಿಸುವವರು ಯಾರೂ ಇರುವುದಿಲ್ಲ. ರಕ್ತ ಓಡಾಡದೆ ಒಳಗಿನ ಮಾಂಸ ಸಾಯುತ್ತದೆ. ಮೇಲೆ ಕಾಣುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಮೂರು ವರ್ಷದ ಹಿಂದೆ ಋಷಿಗೆ ಹಾಗೆ ಒಂದು ಹುಣ್ಣಾಯಿತು, ಗಾಲಿಕುರ್ಚಿಯ ದಿಂಬಿನ ಮಡಿಕೆಯಿಂದ. ಐದು ತಿಂಗಳು ಬೋರಲಾಗಿ ಮಲಗಿದ್ದ. ಆ ಐದು ತಿಂಗಳಲ್ಲಿ ಅವನು ನೆಲದ ಟೈಲ್ಸನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಒಂದು ಸಲ ಸೋಂಕು ರಕ್ತಕ್ಕೆ ಏರಿ ಮೂರು ದಿನ ನಾವು ಅವನನ್ನು ಕಳೆದುಕೊಳ್ಳುವ ಹಂತದಲ್ಲಿದ್ದೆವು. ಇದೆಲ್ಲ ಗೊತ್ತಿದ್ದವಳು ನಾನು. ಮುಂದೆ ಬರುವುದನ್ನು ಓದುವಾಗ ಇದನ್ನು ನೆನಪಿನಲ್ಲಿಡಿ.

ಆಸನದ ಸ್ಪಂಜಿನ ಮೇಲಿನ ಕವರುಗಳನ್ನು ಒಗೆಯುವ ಕೆಲಸ ನನ್ನದು. ಬೆವರಿನ ವಾಸನೆಗೆ ಬೇರೆ ಯಾರೂ ಮುಂದೆ ಬಂದಿರಲಿಲ್ಲ. ಎಮ್ಯಾನುವೆಲ್ ಸೋಮವಾರ ಅವನ್ನು ಚೀಲದಲ್ಲಿ ತುಂಬಿ ಕೊಡುತ್ತಿದ್ದರು. ಗುರುವಾರ ನಾನು ತಂದುಕೊಟ್ಟಾಗ ಕನ್ನಡಕ ಏರಿಸಿ, ಒಂದೊಂದೇ ಕವರಿನ ಪ್ರತಿ ಹೊಲಿಗೆಯ ಮೇಲೂ ಹೆಬ್ಬೆರಳು ಓಡಿಸುತ್ತಿದ್ದರು. ದಾರದ ಗಂಟು, ಡಬ್ಬಣದ ಚೂರು, ಏನಾದರೂ ಇದೆಯೇ ಎಂದು. ಎರಡು ವರ್ಷ ಹೀಗೆ. ನನಗೆ ಅವಮಾನವಾಗುತ್ತಿತ್ತು. ಡಾಕ್ಟರನ್ನು ನಂಬದ ಮನುಷ್ಯ! ಒಂದು ದಿನ ಅಂದೇಬಿಟ್ಟೆ, “ನಾನೇನು ಸೂಜಿ ಬಚ್ಚಿಟ್ಟು ತರ್ತೀನಾ?” ಅವರು ಮುಂದಿನ ಕವರು ಎತ್ತಿಕೊಂಡು ಹೆಬ್ಬೆರಳು ಓಡಿಸಿದರು.

ಆ ಹಲಗೆಯಲ್ಲಿ ಒಂದು ಗೆರೆ ಮಾತ್ರ, ಅವರ ನಿಯಮಕ್ಕೆ ಹೊರತಾಗಿ, ಸದಾ ಖಾಲಿ. ಉದ್ದ ಹಿಡಿಯ ಪುಟ್ಟ ದುಂಡು ಕನ್ನಡಿಯ ಆಕಾರ, ಎಂಜಿನ್ನಿನ ಸಂದಿಗಳಲ್ಲಿ ಇಣುಕುವುದಕ್ಕೆ ಬಳಸುವಂಥದು. ಸಿಕ್ಕಿರಲಿಕ್ಕಿಲ್ಲ ಎಂದುಕೊಂಡು ಕ್ರಿಸ್‌ಮಸ್‌ಗೆ ಅಂಥದೊಂದನ್ನು ಹುಡುಕಿ ತಂದುಕೊಟ್ಟೆ. ಅವರು ಎರಡೂ ಕೈಯಲ್ಲಿ ಹಿಡಿದು ನೋಡಿ, ವಾಪಸ್ ಕೊಟ್ಟರು. “ಬೇಜಾರು ಮಾಡ್ಬೇಡಿ. ಅದು ಖಾಲಿಯೇ ಇರಬೇಕು.” ಉಡುಗೊರೆ ಹಿಂದಿರುಗಿಸುವ ಜನವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಒಂದು ತಿಂಗಳು ಮಾತು ಬಿಟ್ಟೆ.

ಕಳೆದ ಮಾರ್ಚಿನಲ್ಲಿ ಲಂಡನ್ನಿನಲ್ಲೇ ಅಂತಾರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯಿತು. ಎಂಟು ದೇಶಗಳು, ಒಂಬತ್ತು ದಿನ. ಗೆದ್ದ ತಂಡಕ್ಕೆ ಮೇಲಿನ ದರ್ಜೆಗೆ ಬಡ್ತಿ, ಅಂದರೆ ಲೋಕದ ದೊಡ್ಡ ತಂಡಗಳ ಜೊತೆ ಆಡುವ ಅವಕಾಶ. ಋಷಿ ಆರು ವರ್ಷದಿಂದ ಬೆಳಿಗ್ಗೆ ಐದಕ್ಕೆ ಎದ್ದದ್ದು ಇದಕ್ಕೇ. ಅದಕ್ಕೂ ಒಂದು ತಿಂಗಳು ಮುಂಚೆ ಗುರುವಾರ ನಾನು ಚೀಲ ಕೊಟ್ಟಾಗ ಎಮ್ಯಾನುವೆಲ್ ಕನ್ನಡಕಕ್ಕೆ ಕೈ ಹಾಕಲಿಲ್ಲ. ಚೀಲವನ್ನು ಹಾಗೇ ಕಪಾಟಿನಲ್ಲಿಟ್ಟರು. “ನಿಮ್ಮ ಚೀಲ ನೋಡುದು ಬೇಡ ಇನ್ನು. ಎರಡು ವರ್ಷ ಆಯ್ತು, ಒಂದು ದಾರ ಹೆಚ್ಚಿಲ್ಲ,” ಎಂದರು. ನನಗೆ ಎಷ್ಟು ಹಿಗ್ಗಾಯಿತೆಂದರೆ, ಎಂಬಿಬಿಎಸ್ ಪಾಸಾದ ದಿನ ಕೂಡ ಅಷ್ಟಾಗಿರಲಿಲ್ಲ.

ಅಪಘಾತವಾದ ವಾರ ಮೈಸೂರಿನಲ್ಲಿ ನನ್ನ ಅಮ್ಮ ನಂಜನಗೂಡಿನ ನಂಜುಂಡೇಶ್ವರನಿಗೆ ಹರಸಿಕೊಂಡು, ರೂಪಾಯಿಯದೊಂದು, ನಾಲ್ಕಾಣೆಯದೊಂದು, ಹೀಗೆ ಎರಡು ನಾಣ್ಯಗಳನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ ಮುಡಿಪಿಟ್ಟಿದ್ದಳು. ಮಗು ನಡೆದಾಡಿದ ದಿನ ತಂದು ಒಪ್ಪಿಸುತ್ತೇವೆ ಎಂದು. ಅಮ್ಮ ಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ಒಪ್ಪಿಸುವ ಹಾಗಿಲ್ಲ, ಅವನು ನಡೆದಿಲ್ಲ. ಬಿಸಾಡುವ ಹಾಗಿಲ್ಲ, ದೇವರದು. ಏಳು ವರ್ಷ ನನ್ನ ಬೀರುವಿನಲ್ಲಿ ಕೂತಿತ್ತು. ನಾನು ಜನರ ಮುಂದೆ ಇಂಥದ್ದಕ್ಕೆಲ್ಲ ನಗುವವಳು. ತಾಯತ ಕಟ್ಟಿಕೊಂಡು ಬರುವ ರೋಗಿಗಳಿಗೆ ಉಪದೇಶ ಮಾಡುವವಳು. ಆದರೂ ಫೈನಲಿಗೆ ಮುಂಚಿನ ಬುಧವಾರ, ಕ್ಲಿನಿಕ್ ಇಲ್ಲದ ಮಧ್ಯಾಹ್ನ, ಋಷಿಯ ಕವರನ್ನು ಇಸ್ತ್ರಿ ಮಾಡುತ್ತಿದ್ದವಳು ಎದ್ದುಹೋಗಿ ಮುಡಿಪನ್ನು ತಂದೆ. ಕವರಿನ ಮುಂಭಾಗದ ಮಡಿಕೆಯನ್ನು ಬಿಚ್ಚಿ, ಅದರೊಳಗಿಟ್ಟು, ಮತ್ತೆ ಹೊಲಿದೆ. ಅದು ತೊಡೆಯಾಚೆಯ ಜಾಗ. ಅಲ್ಲಿ ಭಾರವೇ ಬೀಳುವುದಿಲ್ಲ. ಲೆಕ್ಕ ಹಾಕಿಯೇ ಹೊಲಿದೆ ನಾನು, ಡಾಕ್ಟರಲ್ಲವೇ? ಎಮ್ಯಾನುವೆಲ್ ಚೀಲ ನೋಡುವುದಿಲ್ಲ ಎಂಬ ಧೈರ್ಯವೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಫೈನಲ್ ಭಾನುವಾರ, ಪೋಲೆಂಡಿನ ಮೇಲೆ. ಹದಿನೈದು ನಿಮಿಷದ ಮೂರು ಪಾಳಿ, ನಡುವೆ ಹದಿನೈದು ನಿಮಿಷದ ಎರಡು ವಿರಾಮ. ಎರಡನೆಯ ಪಾಳಿ ಮುಗಿದಾಗ ಎರಡು–ಎರಡು. ನಮ್ಮ ಒಂದು ಗೋಲು ಋಷಿಯದು. ಕೂಗಿ ಕೂಗಿ ವೇಣುಗೋಪಾಲನ ಧ್ವನಿ ಕೂತುಹೋಗಿತ್ತು. ನಾನು ರೂಢಿಯಂತೆ ಕಾಫಿಯ ಫ್ಲಾಸ್ಕ್ ಹಿಡಿದು ಆಟಗಾರರ ಓಣಿಯ ಕಂಬಿಯ ಹತ್ತಿರ ಹೋದೆ. ಎಮ್ಯಾನುವೆಲ್ ಬಂದು ತೆಗೆದುಕೊಂಡರು. ಹಣೆಯಲ್ಲಿ ಬೆವರಿತ್ತು.

“ಋಷಿಯ ಕವರಿನ ಜಿಪ್ಪು ಮೊದಲ ಬ್ರೇಕಲ್ಲಿ ಹೋಯ್ತು ಮಾರಾಯ್ರೆ,” ಎಂದರು. “ಹಿಂದಿನದು ಮುಂದೆ ಮಾಡಿ ತಿರುಗಿಸಿ ಹಾಕಿದೆ. ಈಗ ಗಟ್ಟಿ ಉಂಟು. ಈ ಸಲ ಅವನನ್ನು ಬಿಚ್ಚುದೇ ಇಲ್ಲ, ಪಟ್ಟಿ ಕಟ್ಟಿಯೇ ಇರ್ಲಿ ಅಂದ ಕೋಚು.”

ಹಿಂದಿನದು ಮುಂದೆ. ಅಂದರೆ ಮುಂದಿನದು ಹಿಂದೆ. ಅಂದರೆ ಆ ಗಂಟು ಈಗ ಕೂರುವ ಮೂಳೆಯ ಅಡಿಯಲ್ಲಿದೆ. ಒಂದು ಇಡೀ ಪಾಳಿ, ನಿಲುಗಡೆಗಳೂ ಸೇರಿ ಅರ್ಧ ಗಂಟೆಗೂ ಹೆಚ್ಚು ಹೊತ್ತು, ನನ್ನ ಮಗ ಅದರ ಮೇಲೆ ಕೂತು ಡಿಕ್ಕಿ ತಿಂದಿದ್ದಾನೆ. ಎಮ್ಯಾನುವೆಲ್ ನನ್ನ ಮುಖವನ್ನು ನೋಡುತ್ತಿದ್ದರು. ಆಗಲೇ ಹೇಳಬೇಕಿತ್ತು. ಒಂದೇ ವಾಕ್ಯ ಸಾಕಿತ್ತು.

“ಸಕ್ಕರೆ ಕಡಿಮೆ ಹಾಕಿದೀನಿ,” ಎಂದು ಹೇಳಿ ನಾನು ವಾಪಸ್ ಬಂದೆ.

ಯಾಕೆ ಎಂದು ಎಷ್ಟು ಸಲ ಕೇಳಿಕೊಂಡಿದ್ದೇನೋ. ನಾಚಿಕೆ, ಮೊದಲನೆಯದು ಅದೇ. ಎರಡನೆಯದು, ಹೇಳಿದರೆ ಅವನನ್ನು ಆಟದಿಂದ ತೆಗೆಯುತ್ತಾರೆ ಎಂಬುದು. ಆರು ವರ್ಷದ ಬೆಳಗುಗಳನ್ನು ನಾನೇ ಮಣ್ಣುಪಾಲು ಮಾಡಿದ ಹಾಗಾಗುತ್ತದೆ. ಸೀಟಿನಲ್ಲಿ ಕೂತು ಲೆಕ್ಕ ಹಾಕಿದೆ. ಹದಿನೈದೇ ನಿಮಿಷದ ಆಟ. ಬಟ್ಟೆ ಎರಡು ಸುತ್ತು ಇದೆ. ಸ್ಪಂಜು ಇದೆ. ಅವನ ತೂಕ ಅರವತ್ತೆರಡು ಕೆಜಿ. ರೋಗಿ ಹೀಗೆ ಲೆಕ್ಕ ಹಾಕಿಕೊಂಡು ನನ್ನ ಮುಂದೆ ಕೂತಿದ್ದರೆ ಬೈದು ಆಸ್ಪತ್ರೆಗೆ ಅಟ್ಟುತ್ತಿದ್ದೆ.

“ಯಾಕೆ, ಮೈ ಹುಷಾರಿಲ್ವಾ?” ಎಂದರು ವೇಣುಗೋಪಾಲ. ಏನಿಲ್ಲವೆಂದು ತಲೆಯಾಡಿಸಿದೆ.

ಮೂರನೆಯ ಪಾಳಿ ಶುರುವಾಯಿತು. ದೊಡ್ಡ ಗಡಿಯಾರ ಹದಿನೈದರಿಂದ ಕೆಳಗಿಳಿಯತೊಡಗಿತು. ಋಷಿ ಒಂದು ನಿಮಿಷ ಆಡಿ, ಬೆಂಚಿಗೆ ಬಂದು, ಮತ್ತೆ ಇಳಿಯುತ್ತಿದ್ದ. ನಾನು ಆಟ ನೋಡುತ್ತಿರಲಿಲ್ಲ, ಅವನ ಸೊಂಟ ನೋಡುತ್ತಿದ್ದೆ. ಹದಿಮೂರು ನಿಮಿಷವಿದ್ದಾಗ ಪೋಲೆಂಡಿನ ದೊಡ್ಡ ಆಟಗಾರನೊಬ್ಬ ಅವನನ್ನು ಗೋಡೆಗೆ ಅಪ್ಪಳಿಸಿದ. ಜನ ಎದ್ದು ನಿಂತು ಕೂಗಿದರು. ಅವನು ಉರುಳಿ, ಕೋಲೂರಿ, ಮತ್ತೆ ನೆಟ್ಟಗಾಗಿ ನಕ್ಕ. ಅವನಿಗೆ ಹಲ್ಲು ನೋಯುತ್ತಿರಬಹುದು, ಭುಜ ನೋಯುತ್ತಿರಬಹುದು. ನೋಯಬೇಕಾದ ಜಾಗದ ಬಾಯಿ ಕಟ್ಟಿತ್ತು. ನನ್ನ ಬಾಯಿ ಕಟ್ಟಿರಲಿಲ್ಲ, ಆದರೂ ನಾನು ಸುಮ್ಮನಿದ್ದೆ. ಹನ್ನೆರಡು ನಿಮಿಷ. ಮೂಗಿಗೆ ಆ ಐದು ತಿಂಗಳ ಕೋಣೆಯ ವಾಸನೆ ಬಂತು, ನಿಜವಾಗಿ ಬಂತು. ಹತ್ತೂವರೆ ನಿಮಿಷವಿದ್ದಾಗ ಅವನು ಇನ್ನೊಮ್ಮೆ ಬಿದ್ದ. ಈ ಸಲ ಇಡೀ ಭಾರ ಆಸನದ ಬಲಭಾಗದ ಮೇಲೆ.

ನಾನು ಎದ್ದೆ. ಮೆಟ್ಟಿಲಿಳಿಯುವಾಗ ಯಾರದೋ ಕಾಲು ತುಳಿದೆ. ಓಣಿಯ ಬಾಗಿಲಲ್ಲಿ ಹಳದಿ ಜಾಕೀಟಿನ ಸ್ವಯಂಸೇವಕ ನಿಂತಿದ್ದ. ಎದೆಯ ಮೇಲೆ ಸುಧೀರ್ ಎಂದು ಹೆಸರಿತ್ತು, ಭಾರತೀಯರೇ ತುಂಬಿರುವ ವೆಂಬ್ಲಿ ಕಡೆಯ ಹುಡುಗನಿರಬೇಕು. ಪಾಸ್ ಇಲ್ಲದೆ ಆಟದ ಹೊತ್ತಿನಲ್ಲಿ ಒಳಗೆ ಬಿಡುವ ಹಾಗಿಲ್ಲ ಎಂದ. ನಾನು ಡಾಕ್ಟರು ಎಂದೆ. ಒಳಗೆ ಡಾಕ್ಟರಿದ್ದಾರೆ ಎಂದ. ನಾನು ಅವನ ತಾಯಿ ಎಂದೆ. ಪಾಪ, ಎಲ್ಲರೂ ಯಾರದೋ ತಾಯಿಯೇ ಎಂದು ನಮ್ರತೆಯಿಂದಲೇ ಹೇಳಿದ. ಆಗ ನಾನು ಮರ್ಯಾದೆ ಬಿಟ್ಟು ಅವನ ತೋಳಿನ ಮೇಲಿಂದ “ಎಮ್ಯಾನುವೆಲ್” ಎಂದು ಕಿರುಚಿದೆ. ಇಪ್ಪತ್ತು ಗಜ ಆಚೆ ಬೆಂಚಿನ ಹಿಂದೆ ನಿಂತಿದ್ದವರು ತಿರುಗಿದರು. ನನ್ನ ಮುಖದಲ್ಲಿ ಏನು ಕಂಡರೋ, ಓಡಿ ಬಂದರು. ಅವರು ಓಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

“ಋಷಿಯ ಕವರಿನೊಳಗೆ ನಾಣ್ಯ ಇಟ್ಟು ಹೊಲ್ದಿದೀನಿ,” ಎಂದೆ. “ಮುಡಿಪು. ಮುಂದುಗಡೆ ಮಡಿಕೆಲಿ. ನೀವು ತಿರುಗಿಸಿಬಿಟ್ರಿ.”

ಅವರು ಬೈಯಲಿಲ್ಲ. ಎರಡೇ ಪ್ರಶ್ನೆ ಕೇಳಿದರು, ಹ್ಯಾಂಗರಿನಲ್ಲಿ ಕೇಳುವ ಹಾಗೆ. “ಎಷ್ಟು?” ಎರಡು. “ಯಾವ ಬದಿ?” ತಿರುಗಿಸಿದ ಮೇಲೆ ಬಲಕ್ಕೆ. ಸುಧೀರನಿಗೆ, “ಇವರನ್ನು ಬಿಡು,” ಎಂದು ಹೇಳಿ ತಿರುಗಿ ನಡೆದರು.

ಋಷಿ ಬೆಂಚಿನ ಬಾಗಿಲಲ್ಲಿದ್ದ, ಮುಂದಿನ ಬದಲಾವಣೆಗೆ ಇಳಿಯುವವನು. ಎಮ್ಯಾನುವೆಲ್ ಆ ಪುಟ್ಟ ಬಾಗಿಲಿಗೆ ಅಡ್ಡಲಾಗಿ ತಮ್ಮ ತೋಳು ಇಟ್ಟರು. ಕೋಚ್ ಏನೋ ಕೂಗಿದ. ಎಮ್ಯಾನುವೆಲ್ ಇಂಗ್ಲಿಷಿನಲ್ಲಿ, “ಈ ಸ್ಲೆಡ್ಜಿಗೆ ನನ್ನ ಸಹಿ ಇಲ್ಲ,” ಎಂದರು. ಅಷ್ಟೇ. ಕೋಚ್ ಬಾಯಿ ಮುಚ್ಚಿದ. ಇಷ್ಟು ವರ್ಷದಲ್ಲಿ ಆ ಮಾತಿನ ಬೆಲೆ ಅವನಿಗೆ ಗೊತ್ತಾಗಿತ್ತು.

“ನೋ,” ಎಂದ ಋಷಿ. “ನಾಟ್ ನೌ. ಎಮ್ಯಾನುವೆಲ್, ಪ್ಲೀಸ್. ಟೆನ್ ಮಿನಿಟ್ಸ್.”

“ಹತ್ತು ನಿಮಿಷ ಆಡಿ ಆರು ತಿಂಗಳು ಬೋರಲು ಮಲಗ್ತೀಯಾ?” ಎಂದರು ಅವರು. ಋಷಿ ನನ್ನನ್ನು ನೋಡಿದ. ನನ್ನ ಮುಖ ನೋಡಿದವನೇ ಏನೋ ಅರ್ಥವಾದವನಂತೆ ಹೆಲ್ಮೆಟ್ ತೆಗೆದು ನೆಲಕ್ಕೆ ಎಸೆದ.

ಓಣಿಯ ಪಕ್ಕದ ಕೋಣೆಯಲ್ಲಿ ಪಟ್ಟಿಗಳನ್ನು ಬಿಚ್ಚಿ, ನಾನೂ ಎಮ್ಯಾನುವೆಲ್ಲೂ ಅವನನ್ನು ಎತ್ತಿ ಮಂಚದ ಮೇಲೆ ಬೋರಲು ಮಲಗಿಸಿದೆವು. ಬಲ ಪೃಷ್ಠದ ಮೇಲೆ ಅಚ್ಚಾಗಿತ್ತು. ಒಂದು ದೊಡ್ಡ ವೃತ್ತ, ಅದಕ್ಕೆ ತಾಗಿ ಒಂದು ಚಿಕ್ಕದು. ನಾಲ್ಕಾಣೆಯ ದುಂಡು ಅಂಚು ಕೂಡ ಕಾಣುತ್ತಿತ್ತು. ಬೆರಳೊತ್ತಿ ಬಿಟ್ಟರೆ ಚರ್ಮ ಬಿಳಿಚಿಕೊಂಡು ಮತ್ತೆ ಕೆಂಪಾಗಬೇಕು, ಹಾಗಾದರೆ ಅಪಾಯವಿಲ್ಲ ಎಂದು ಪುಸ್ತಕದಲ್ಲಿದೆ. ಆ ಪುಸ್ತಕ ಬಿಳಿ ಚರ್ಮ ನೋಡಿ ಬರೆದದ್ದು. ನಮ್ಮ ಬಣ್ಣದ ಮೇಲೆ ಬಿಳಿಚಿದ್ದು ಎಲ್ಲಿ ಕಾಣಬೇಕು? ಒತ್ತಿದೆ, ಬಿಟ್ಟೆ. ಏನೂ ತಿಳಿಯಲಿಲ್ಲ. ಎಮ್ಯಾನುವೆಲ್ ಟಾರ್ಚು ಹಿಡಿದರು. ಮತ್ತೆ ಒತ್ತಿದೆ. ಕೊನೆಗೆ ಬೆರಳುಗಳ ಹಿಂಬದಿಯಿಂದ ಸವರಿ ನೋಡಿದೆ. ಸುತ್ತಲಿನ ಜಾಗ ಐಸಿನ ಚಳಿಗೆ ತಣ್ಣಗಿತ್ತು. ಆ ವೃತ್ತ ಮಾತ್ರ ಬಿಸಿ. ಬಿಸಿ, ಮತ್ತೆ ಒಳಗೆ ಸ್ವಲ್ಪ ಗಟ್ಟಿ.

“ವೆಲ್?” ಎಂದ ಋಷಿ, ದಿಂಬಿನೊಳಗಿಂದ.

“ಕೂರೋ ಹಾಗಿಲ್ಲ,” ಎಂದೆ.

ಗೋಡೆಯಾಚೆಯಿಂದ ಆಟದ ಸದ್ದು ಬರುತ್ತಿತ್ತು, ಕೋಲಿನ ಕುಟುಕು, ಜನರ ಕೂಗು. ಪ್ರತಿ ಕೂಗಿಗೂ ಅವನ ಭುಜ ಬಿಗಿಯಾಗುತ್ತಿತ್ತು. ಒಮ್ಮೆ ಉದ್ದಕ್ಕೆ ಹಾರ್ನ್ ಮೊಳಗಿತು. ಗೋಲು. ಯಾರದು? ಕೂಗು ತೆಳ್ಳಗಿತ್ತು, ಒಂದು ಮೂಲೆಯಿಂದ ಮಾತ್ರ. ನಮ್ಮದಲ್ಲ. ಆಮೇಲೆ ತಿಳಿಯಿತು, ನಾಲ್ಕು ನಿಮಿಷವಿದ್ದಾಗ ಋಷಿ ಕಾಯಬೇಕಾಗಿದ್ದ ಬದಿಯಿಂದಲೇ ಆ ಗೋಲು ಬಂದಿತ್ತೆಂದು. ಮೂರು–ಎರಡು. ಹಾಗೇ ಮುಗಿಯಿತು. ಎಮ್ಯಾನುವೆಲ್ ಕವರಿನ ಹೊಲಿಗೆಯನ್ನು ಕತ್ತರಿಯಿಂದ ಬಿಚ್ಚಿ, ಹಳದಿ ಗಂಟನ್ನು ನನ್ನ ಅಂಗೈಯಲ್ಲಿಟ್ಟು, ಕತ್ತರಿಯನ್ನು ಜೇಬಿಗೆ ಹಾಕದೆ ಪೆಟ್ಟಿಗೆಯ ಅದರ ಜಾಗದಲ್ಲೇ ಇಟ್ಟರು.

ಒಂಬತ್ತು ದಿನ ಋಷಿ ಬೋರಲಾಗಿ ಮಲಗಿದ್ದ. ಮೂರನೆಯ ದಿನ ಆ ಜಾಗ ಕಪ್ಪಗಾಯಿತು. ನಾನು ಊಟ ಬಿಟ್ಟೆ. ಐದನೆಯ ದಿನ ಒಡೆಯಲಿಲ್ಲ, ಆರನೆಯ ದಿನವೂ ಒಡೆಯಲಿಲ್ಲ. ದಿನಕ್ಕೆ ಆರು ಸಲ ಬೆರಳಿನ ಹಿಂಬದಿಯಿಂದ ಮುಟ್ಟುತ್ತಿದ್ದೆ. ಅವನು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ತಂದೆಯ ಜೊತೆ ಮಾತ್ರ, ಅದೂ ಮೆಸೇಜಿನಲ್ಲಿ. ಒಂಬತ್ತನೆಯ ದಿನ ಬಿಸಿ ಹೋಗಿತ್ತು, ಗಟ್ಟಿಯೂ ಕರಗಿತ್ತು. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಅದೇ ಸಂಜೆ ಎಮ್ಯಾನುವೆಲ್ ಬಂದರು, ಸುಜಾನ್ ಮಾಡಿದ, ಇಡ್ಲಿಯಂಥ ಸಾನ್ನದ ಡಬ್ಬಿ ಹಿಡಿದುಕೊಂಡು. ಋಷಿಯ ಮಂಚದ ಪಕ್ಕ ಕುರ್ಚಿ ಎಳೆದು ಕೂತರು. ನಾನು ಬಾಗಿಲಲ್ಲಿ ನಿಂತೆ.

“ಆ ಕನ್ನಡಿಯ ಗೆರೆ ಉಂಟಲ್ಲ,” ಎಂದರು ಅವರು, ಯಾರ ಕಡೆಗೂ ನೋಡದೆ. “ಹ್ಯಾಂಗರಿನಲ್ಲಿ ಒಂದು ದಿನ ಕೆಲಸ ಮುಗಿಸಿ ನೋಡ್ತೇನೆ, ನನ್ನ ಕನ್ನಡಿ ಇಲ್ಲ. ವಿಮಾನ ಆಗ್ಲೇ ಗೇಟಿಗೆ ಹೋಗಿದೆ, ಜನ ಹತ್ತುತಾ ಇದ್ದಾರೆ. ಆ ವಾರ ನನ್ನನ್ನು ಸೂಪರ್‌ವೈಸರ್ ಮಾಡುದಿತ್ತು. ಹೇಳ್ಲಿಲ್ಲ. ಕಸದ ಡಬ್ಬಿ ಹುಡುಕಿದೆ, ಲಾಕರ್ ಹುಡುಕಿದೆ, ಜಪಸರ ಹಿಡಿದುಕೊಂಡು ಹುಡುಕಿದೆ. ನಲವತ್ತು ನಿಮಿಷ. ಆಮೇಲೆ ಹೇಳಿದೆ. ಎಲ್ಲರನ್ನೂ ಇಳಿಸಿದರು. ಐದು ಗಂಟೆ ಬಿಚ್ಚಿ ನೋಡಿದರು. ಸಿಗ್ಲಿಲ್ಲ. ಇವತ್ತಿನವರೆಗೆ ಸಿಗ್ಲಿಲ್ಲ. ಸೂಪರ್‌ವೈಸರ್ ಕೆಲಸವೂ ಸಿಗ್ಲಿಲ್ಲ, ಅದು ಬಿಡಿ.” ನನ್ನ ಕಡೆ ತಿರುಗಿದರು. “ನಿಮ್ಮದು ಇಪ್ಪತ್ತೆರಡು ನಿಮಿಷ. ಫ್ಲಾಸ್ಕ್ ಕೊಟ್ಟಾಗಿಂದ ನಾನು ಲೆಕ್ಕ ಹಾಕಿದ್ದೇನೆ. ನನ್ನದು ನಲವತ್ತು. ಮತ್ತೆ ಚೀಲ ಮುಟ್ಟಿ ನೋಡದವ ಕೂಡ ನಾನೇ.”

ಋಷಿ ದಿಂಬಿನಿಂದ ತಲೆ ಎತ್ತಿದ. ಒಂಬತ್ತು ದಿನದಲ್ಲಿ ಮೊದಲ ಸಲ ನನ್ನನ್ನು ನೇರವಾಗಿ ನೋಡಿದ. “ವಾಟ್ ವಾಸ್ ಇಟ್ ಫಾರ್?” ಎಂದ. “ದಿ ಕಾಯಿನ್ಸ್. ಟು ವಿನ್?”

ಹೌದು ಎಂದುಬಿಡಬಹುದಿತ್ತು. ಇನ್ನೊಂದು ಸುಳ್ಳಿಗೆ ಧೈರ್ಯ ಸಾಲಲಿಲ್ಲ.

“ನೀನು ನಡೀಲಿ ಅಂತ,” ಎಂದೆ.

ಸಿಟ್ಟಾಗುತ್ತಾನೆಂದುಕೊಂಡೆ. ಅವನ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ, ಅದಕ್ಕಿಂತ ಕಷ್ಟದ್ದು. ನಾವು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗ, ಮಾತುಗಳನ್ನು ಒಂದೊಂದಾಗಿ ಹುಡುಕುತ್ತಾ ಕನ್ನಡದಲ್ಲಿ ಹೇಳಿದ.

“ಆರು ವರ್ಷ ನಾನು ಆಡೋದು ನೋಡಿದೆ ಅಲ್ವಾ ಅಮ್ಮ. ಆಗೂ ಅದನ್ನೇ ಕೇಳ್ತಿದ್ಯಾ?”

ಎಲ್ಲ ಪಂದ್ಯಗಳಿಗೂ ಹೋಗಿದ್ದೆ, ಕೂಗಿ ಗಂಟಲು ಕಟ್ಟಿಸಿಕೊಂಡಿದ್ದೆ, ವಾಸನೆಯ ಕವರು ಒಗೆದಿದ್ದೆ. ಒಳಗೆ ಮಾತ್ರ ಅವನು ಸ್ಲೆಡ್ಜಿನಿಂದ ಎದ್ದು ಬರುವ ದಿನಕ್ಕೆ ಕಾಯುತ್ತಿದ್ದೆ. ಅವನ ಇಡೀ ಆಟ ನನ್ನ ಪಾಲಿಗೆ ಅಲ್ಲಿಯವರೆಗಿನ ಕಾಲಹರಣವಾಗಿತ್ತು. ಇದು ಅವನಿಗೆ ಆ ಕ್ಷಣ ಗೊತ್ತಾಯಿತು. ನನಗೂ ಆಗಲೇ ಗೊತ್ತಾದದ್ದು. ಎಮ್ಯಾನುವೆಲ್ ಎದ್ದು, ಸಾನ್ನ ಆರಿಹೋಗುತ್ತದೆ ಎಂದು ಹೇಳಿ ತಟ್ಟೆ ತರಲು ಒಳಗೆ ಹೋದರು. ನಮ್ಮ ಮನೆಯ ತಟ್ಟೆ ಎಲ್ಲಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಹುಡುಕುತ್ತಾ ಬೇಕೆಂದೇ ತಡ ಮಾಡಿದರು.

ಮೇ ತಿಂಗಳಲ್ಲಿ ಊರಿಗೆ ಹೊರಟಿದ್ದ ತಂಗಿಯ ಕೈಯಲ್ಲಿ ಮುಡಿಪನ್ನು ನಂಜನಗೂಡಿಗೆ ಕಳಿಸಿದೆ. ನಡೆಯಲಿಲ್ಲವಲ್ಲ ಅಕ್ಕ, ಏನೆಂದು ಹೇಳಿ ಹಾಕಲಿ ಎಂದು ಅವಳು ಫೋನಿನಲ್ಲಿ ಕೇಳಿದಳು. ಕೇಳಿದ್ದನ್ನು ನಾವು ವಾಪಸ್ ತೆಗೆದುಕೊಂಡಿದ್ದೇವೆ ಎಂದು ಹೇಳಿ ಹಾಕು ಎಂದೆ.

ಅದಕ್ಕೂ ಮುಂಚೆ, ಅಭ್ಯಾಸ ಮತ್ತೆ ಶುರುವಾದ ವಾರ, ಎಮ್ಯಾನುವೆಲ್ ಸೋಮವಾರ ಎಂದಿನಂತೆ ಕವರುಗಳ ಚೀಲವನ್ನು ನನ್ನ ಕೈಗೇ ಕೊಟ್ಟರು. ಬೇರೆಯವರಿಗೆ ಕೊಡುತ್ತಾರೆಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಗುರುವಾರ ಒಗೆದು ತಂದೆ. ಕೋಣೆಯಲ್ಲಿ ಋಷಿ ಗಾಲಿಕುರ್ಚಿಯಲ್ಲಿ ಕೂತು ಕೋಲಿನ ಮುಳ್ಳು ಉಜ್ಜುತ್ತಿದ್ದ. ಎಮ್ಯಾನುವೆಲ್ ಚೀಲವನ್ನು ಮೇಜಿನ ಮೇಲೆ ಸುರಿದು, ಕನ್ನಡಕ ಏರಿಸಿ, ಮೊದಲ ಕವರಿನ ಹೊಲಿಗೆಯ ಮೇಲೆ ಹೆಬ್ಬೆರಳು ಇಟ್ಟರು. ನಾನು ಪಕ್ಕದಲ್ಲಿ ನಿಂತೆ. ಈ ಸಲ ಅವಮಾನವಾಗಲಿಲ್ಲ. ಎಲ್ಲ ಹೊಲಿಗೆಗಳೂ ಮುಗಿಯುವವರೆಗೆ ನಿಲ್ಲುವುದು ನನ್ನ ಕೆಲಸ ಎನ್ನಿಸಿತು.

ಋಷಿಯ ಹದಿನಾಲ್ಕನೆಯ ನಂಬರಿನ ಕವರು ಬಂದಾಗ ಅವರು ಅದನ್ನು ಮುಟ್ಟದೆ ಅವನ ಕಡೆ ತಳ್ಳಿದರು. ಅವನು ಕೋಲನ್ನು ಬದಿಗಿಟ್ಟು, ಮುಂದಿನ ಮಡಿಕೆಯಿಂದ ಶುರುಮಾಡಿ ನಾಲ್ಕೂ ಅಂಚಿಗೆ ಹೆಬ್ಬೆರಳು ಓಡಿಸಿದ. ಎರಡನೆಯ ಸಲವೂ ಓಡಿಸಿದ. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟು, ಆಸನಕ್ಕೆ ಹಾಕು ಎಂದು ಸ್ಲೆಡ್ಜಿನ ಕಡೆ ಗದ್ದ ಆಡಿಸಿದ.